ಮೇಲ್ದವಡೆಯಲ್ಲಿ ಎಲುಬು ಸಾಲದೇ? ಕೃತಕ ಪುಡಿಯ ಆಸರೆಯಿದೆ, ಆದರೆ ಕೇಳಿ ತಿಳಿದು ಸಹಿ ಹಾಕಿ

‘ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ’ ಎಂಬ ಗಾದೆ ಕನ್ನಡಿಗರಿಗೆ ಹೊಸತಲ್ಲ. ಹೊಟ್ಟೆಪಾಡಿಗಾಗಿ ಮುಂಬಯಿ ಸೇರಿ, ಹೊಟೇಲು, ಕ್ಯಾಂಟೀನು, ಕಚೇರಿಗಳಲ್ಲಿ ದುಡಿದು, ಮಕ್ಕಳನ್ನು ಓದಿಸಿ ದಡ ಸೇರಿಸಿ, ಅರುವತ್ತರ ಹೊಸ್ತಿಲಲ್ಲಿ ಇನ್ನಾದರೂ ನೆಮ್ಮದಿಯಿಂದ ಉಣ್ಣೋಣ ಎನ್ನುವಷ್ಟರಲ್ಲಿ ಮೇಲಿನ ದವಡೆ ಹಲ್ಲುಗಳು ಕೈಕೊಟ್ಟಿರುತ್ತವೆ. ದುಡಿಮೆಯ ದಿನಗಳಲ್ಲಿ ಹಲ್ಲುನೋವು ಬಂದಾಗ ಕೀಳಿಸಿಕೊಂಡು ಮರುದಿನವೇ ಕೆಲಸಕ್ಕೆ ಹೋದವರು ಅನೇಕರು. ಹತ್ತು ಹದಿನೈದು ವರ್ಷಗಳ ಬಳಿಕ ಇಂಪ್ಲಾಂಟ್ ಹಾಕಿಸಲೆಂದು ಹೋದರೆ ದಂತ ವೈದ್ಯರು ಎಕ್ಸ್‌ರೇ ನೋಡಿ, “ಇಲ್ಲಿ ಎಲುಬು ಸಾಲದು, ಸೈನಸ್ ಲಿಫ್ಟ್ ಮಾಡಿ ಎಲುಬಿನ ಪುಡಿ ತುಂಬಬೇಕು” ಎನ್ನುವುದುಂಟು.

ಎಲುಬಿನ ಪುಡಿ ಎಂದ ಕೂಡಲೇ ಮನೆಮಂದಿಯಲ್ಲಿ ಪ್ರಶ್ನೆಗಳೇಳುತ್ತವೆ. ಅದು ಯಾರ ಎಲುಬು? ಪ್ರಾಣಿಯದ್ದೇ? ಯಾವ ಪ್ರಾಣಿಯದ್ದು? ಸಂಕೋಚದಿಂದ ಏನನ್ನೂ ಕೇಳದೆ ಸಹಿ ಹಾಕುವವರಿದ್ದಾರೆ. ಹೆದರಿ ಚಿಕಿತ್ಸೆಯನ್ನೇ ಕೈಬಿಡುವವರೂ ಇದ್ದಾರೆ. ಪ್ರಯೋಗಾಲಯದಲ್ಲಿ ತಯಾರಾಗುವ ಕೃತಕ ಪುಡಿಯೂ ಬಳಕೆಯಲ್ಲಿದೆ ಎಂಬುದನ್ನು ಇವರಿಬ್ಬರೂ ತಿಳಿದಿರುವುದು ಒಳಿತು.

ಎಲುಬು ಏಕೆ ಸವೆಯುತ್ತದೆ?

ಮೇಲಿನ ದವಡೆ ಹಲ್ಲುಗಳ ಬೇರಿನ ಮೇಲ್ಭಾಗದಲ್ಲಿ, ಕೆನ್ನೆಯ ಒಳಗೆ ಗಾಳಿ ತುಂಬಿದ ಒಂದು ಪೊಳ್ಳು ಭಾಗವಿದೆ. ಇದೇ ಸೈನಸ್. ಹಲ್ಲು ಇರುವವರೆಗೆ ಜಗಿಯುವ ಒತ್ತಡದಿಂದ ಸುತ್ತಲಿನ ಎಲುಬು ಗಟ್ಟಿಯಾಗಿರುತ್ತದೆ. ಹಲ್ಲು ಹೋದ ಮೇಲೆ ಆ ಕೆಲಸವಿಲ್ಲದ ಎಲುಬು ಕೆಳಗಿನಿಂದ ಸವೆಯುತ್ತದೆ, ಮೇಲಿನಿಂದ ಸೈನಸ್ ಕೆಳಕ್ಕೆ ಹಿಗ್ಗುತ್ತದೆ. ಕೊನೆಗೆ ಕೆಲವರಲ್ಲಿ 3-4 ಮಿಲಿಮೀಟರ್ ಎಲುಬು ಮಾತ್ರ ಉಳಿಯುತ್ತದೆ. ಸಾಮಾನ್ಯ ಇಂಪ್ಲಾಂಟಿನ ಟೈಟೇನಿಯಂ ತಿರುಪು 8ರಿಂದ 10 ಮಿಲಿಮೀಟರ್ ಇಲ್ಲವೇ ಅದಕ್ಕೂ ಹೆಚ್ಚು ಉದ್ದವಿರುತ್ತದೆ. ತೆಳು ಗೋಡೆಗೆ ಉದ್ದ ಮೊಳೆ ಹೊಡೆದರೆ ನಿಲ್ಲುವುದಿಲ್ಲ, ಇಲ್ಲಿಯೂ ಹಾಗೆಯೇ.

ಸೈನಸ್ಸಿನ ನೆಲದ ಮೇಲಿರುವ ತೆಳುವಾದ ಪೊರೆಯನ್ನು ಮೆಲ್ಲನೆ ಎತ್ತಿ, ಕೆಳಗಿನ ಜಾಗದಲ್ಲಿ ಎಲುಬು ಬೆಳೆಸುವ ಈ ವಿಧಾನವನ್ನು ಅಮೆರಿಕದ ದಂತ ವೈದ್ಯ ಹಿಲ್ಟ್ ಟೇಟಮ್ 1970ರ ದಶಕದಲ್ಲಿ ರೂಪಿಸಿದರು. ಫಿಲಿಪ್ ಬಾಯ್ನ್ ಮತ್ತು ರಾಬರ್ಟ್ ಜೇಮ್ಸ್ 1980ರಲ್ಲಿ ಇದನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರು ತುಂಬಿದ್ದು ರೋಗಿಯದೇ ಸೊಂಟದ ಎಲುಬನ್ನು. ಅಂದರೆ ಬಾಯಿಯಲ್ಲಿ ಒಂದು ಗಾಯ, ಸೊಂಟದಲ್ಲಿ ಇನ್ನೊಂದು. ಎಲುಬು ಸ್ವಲ್ಪವೇ ಕಡಿಮೆಯಿದ್ದವರಿಗೆ ಹಲ್ಲಿನ ಜಾಗದಿಂದಲೇ ಪೊರೆ ಎತ್ತುವ ಸರಳ ವಿಧಾನವನ್ನು 1994ರಲ್ಲಿ ರಾಬರ್ಟ್ ಸಮ್ಮರ್ಸ್ ಪ್ರಕಟಿಸಿದರು.

ನಾಲ್ಕು ಬಗೆಯ ಪುಡಿ

ಇಂದು ಬಳಕೆಯಲ್ಲಿರುವ ಪುಡಿಯಲ್ಲಿ ನಾಲ್ಕು ಬಗೆಗಳಿವೆ. ರೋಗಿಯ ಗಲ್ಲ, ದವಡೆ ಅಥವಾ ಸೊಂಟದಿಂದ ತೆಗೆದ ಸ್ವಂತ ಎಲುಬು ಮೊದಲನೆಯದು. ದಾನವಾಗಿ ಬಂದ ಮಾನವ ಎಲುಬನ್ನು ಸಂಸ್ಕರಿಸಿದ್ದು ಎರಡನೆಯದು. ಪ್ರಾಣಿಯ, ಹೆಚ್ಚಾಗಿ ಗೋವಿನ, ಎಲುಬಿನಿಂದ ಜೈವಿಕ ಅಂಶಗಳನ್ನೆಲ್ಲ ತೆಗೆದು ಖನಿಜವನ್ನಷ್ಟೇ ಉಳಿಸಿಕೊಂಡದ್ದು ಮೂರನೆಯದು. ಜಗತ್ತಿನಾದ್ಯಂತ ಇದರ ಬಳಕೆ ವ್ಯಾಪಕವಾಗಿದೆ. ನಾಲ್ಕನೆಯದೇ ಸಂಪೂರ್ಣ ಕೃತಕ ಪುಡಿ.

ಕೃತಕ ಪುಡಿಯ ಮುಖ್ಯ ವಸ್ತುಗಳು ಹೈಡ್ರಾಕ್ಸಿಅಪಟೈಟ್ ಮತ್ತು ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್. ಎರಡೂ ಕ್ಯಾಲ್ಸಿಯಂ, ಫಾಸ್ಫೇಟುಗಳಿಂದ ಆದವು, ಮನುಷ್ಯನ ಎಲುಬಿನ ಖನಿಜಕ್ಕೆ ಹತ್ತಿರದವು. ಮೊದಲನೆಯದು ಬಹಳ ನಿಧಾನವಾಗಿ ಕರಗುವುದರಿಂದ ತುಂಬಿದ ಜಾಗದ ಎತ್ತರವನ್ನು ಹಿಡಿದಿಡುತ್ತದೆ. ಎರಡನೆಯದು ಬೇಗ ಕರಗಿ ಹೊಸ ಎಲುಬಿಗೆ ಜಾಗ ಬಿಡುತ್ತದೆ. ಆದುದರಿಂದ ಎರಡನ್ನೂ 60:40ರಂತಹ ಪ್ರಮಾಣದಲ್ಲಿ ಬೆರೆಸಿದ ಪುಡಿಯೂ ಇದೆ. 1969ರಲ್ಲಿ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾನಿಲಯದ ಲ್ಯಾರಿ ಹೆಂಚ್ ರೂಪಿಸಿದ, ಎಲುಬಿಗೆ ಬೆಸೆದುಕೊಳ್ಳುವ ಬಯೋಗ್ಲಾಸ್ ಎಂಬ ವಿಶೇಷ ಗಾಜು ಇನ್ನೊಂದು ವಸ್ತು. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯೂ ಹೈಡ್ರಾಕ್ಸಿಅಪಟೈಟ್ ಮತ್ತು ಬಯೋಗ್ಲಾಸ್ ಆಧಾರದ ಎಲುಬಿನ ಬದಲಿ ವಸ್ತುಗಳನ್ನು ಅಭಿವೃದ್ಧಿಪಡಿಸಿದೆ.

ಈ ಪುಡಿ ತಾನಾಗಿ ಎಲುಬಾಗುವುದಿಲ್ಲ. ಕಟ್ಟಡ ಕಟ್ಟುವಾಗಿನ ಬಿದಿರಿನ ಅಟ್ಟಣಿಗೆಯಂತೆ ಅದು ಬರೀ ಆಸರೆ. ಅದರ ಸೂಕ್ಷ್ಮ ರಂಧ್ರಗಳೊಳಗೆ ರೋಗಿಯ ರಕ್ತ ಇಳಿಯುತ್ತದೆ, ಸುತ್ತಲಿನ ಎಲುಬಿನಿಂದ ಜೀವಕೋಶಗಳು ಬಂದು ಹೊಸ ಎಲುಬು ಕಟ್ಟುತ್ತವೆ. ಸ್ವಂತ ಎಲುಬಿನಲ್ಲಿ ಜೀವಕೋಶಗಳು ಮೊದಲೇ ಇರುವುದರಿಂದ ಅಲ್ಲಿ ಕೆಲಸ ಬೇಗ ಸಾಗುತ್ತದೆ. ಕೃತಕ ಪುಡಿಗೆ ತಾಳ್ಮೆ ಬೇಕು, ಸಾಮಾನ್ಯವಾಗಿ ಆರು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು. ಹೀಗಿದ್ದರೂ ಇಂಪ್ಲಾಂಟ್ ಉಳಿಯುವ ಪ್ರಮಾಣದಲ್ಲಿ ಸ್ವಂತ ಎಲುಬಿಗೂ ಬದಲಿ ವಸ್ತುಗಳಿಗೂ ದೊಡ್ಡ ಅಂತರ ಈವರೆಗಿನ ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಎರಡನೇ ಗಾಯದ ನೋವಿಲ್ಲ ಎಂಬುದು ಲಾಭವೇ ಸರಿ.

ಪೊರೆಯ ವಿಚಾರವನ್ನೂ ಕೇಳಿ

ಪ್ರಾಣಿಮೂಲದ ವಸ್ತು ಬೇಡ ಎನ್ನುವವರು ಮರೆಯಬಾರದ ಸಂಗತಿ ಒಂದಿದೆ. ಪುಡಿಯನ್ನು ಮುಚ್ಚಲು ಅಥವಾ ಹರಿದ ಪೊರೆಗೆ ತೇಪೆ ಹಾಕಲು ಕಾಲಜನ್ ಹಾಳೆಯನ್ನು ಬಳಸುವುದು ರೂಢಿ. ಇದು ಹೆಚ್ಚಾಗಿ ಹಂದಿ ಅಥವಾ ದನದ ಮೂಲದ್ದು. ಪುಡಿ ಕೃತಕವಾಗಿದ್ದು ಹಾಳೆ ಪ್ರಾಣಿಮೂಲದ್ದಾಗಿರಬಹುದು. ಆದುದರಿಂದ ಎರಡರ ಮೂಲವನ್ನೂ ಶಸ್ತ್ರಚಿಕಿತ್ಸೆಗೆ ಮೊದಲೇ ಕೇಳಬೇಕು. ರೋಗಿಯ ರಕ್ತದಿಂದಲೇ ತಯಾರಿಸುವ ಫೈಬ್ರಿನ್ ಪೊರೆ, ಕೃತಕ ಪಾಲಿಮರ್ ಹಾಳೆ ಮೊದಲಾದ ಬದಲಿಗಳಿದ್ದು, ಅವು ತನಗೆ ಸರಿಹೊಂದುತ್ತವೆಯೇ ಎಂದು ವೈದ್ಯರಲ್ಲಿ ವಿಚಾರಿಸಬಹುದು. ಹೀಗೆ ಕೇಳುವುದು ರೋಗಿಯ ಹಕ್ಕು, ನಾಚಿಕೊಳ್ಳುವಂಥದ್ದೇನೂ ಇಲ್ಲ. ಬಳಸಿದ ಪೊಟ್ಟಣದ ಹೆಸರು ಮತ್ತು ಬ್ಯಾಚ್ ಸಂಖ್ಯೆಯ ಚೀಟಿಯನ್ನು ಫೈಲಿನಲ್ಲಿ ಅಂಟಿಸಿಕೊಳ್ಳುವುದು ಉತ್ತಮ.

ಊರಿಗೆ ಹೋಗಿ ಮಾಡಿಸುವವರ ಗಮನಕ್ಕೆ

ಮುಂಬಯಿಯ ತುಳು-ಕನ್ನಡಿಗರಲ್ಲಿ ಹಲವರು ರಜೆಯಲ್ಲಿ ಊರಿಗೆ ಹೋದಾಗ ಮಣಿಪಾಲ, ಮಂಗಳೂರಿನ ಕಡೆ ಹಲ್ಲಿನ ಚಿಕಿತ್ಸೆ ಮಾಡಿಸಿಕೊಂಡು ಬರುತ್ತಾರೆ. ಆದರೆ ಸೈನಸ್ ಲಿಫ್ಟ್ ಒಂದೇ ವಾರದಲ್ಲಿ ಮುಗಿಯುವ ಕೆಲಸವಲ್ಲ. ತಿರುಪನ್ನು ಹಿಡಿದಿಡುವಷ್ಟು ಎಲುಬು ಉಳಿದಿದ್ದರೆ ಪುಡಿ ಮತ್ತು ಇಂಪ್ಲಾಂಟನ್ನು ಒಟ್ಟಿಗೆ ಹಾಕುವುದುಂಟು. ತೀರಾ ಕಡಿಮೆಯಿದ್ದರೆ ಮೊದಲು ಪುಡಿ, ತಿಂಗಳುಗಳ ಬಳಿಕ ಇಂಪ್ಲಾಂಟ್, ಮತ್ತೆ ಕೆಲವು ತಿಂಗಳ ನಂತರ ಕ್ಯಾಪ್. ಕನಿಷ್ಠ ಮೂರು ಬಾರಿ ಪ್ರಯಾಣ, ನಡುವೆ ತೊಂದರೆಯಾದರೆ ನೋಡುವವರು ಯಾರು ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು.

ಶಸ್ತ್ರಚಿಕಿತ್ಸೆಯ ಬಳಿಕ ಕೆಲವು ವಾರ ಮೂಗು ಸೀನಿ ತೆಗೆಯಬಾರದು. ಸೀನು ಬಂದರೆ ಬಾಯಿ ತೆರೆದು ಸೀನಬೇಕು. ಎಳನೀರನ್ನೂ ಸ್ಟ್ರಾ ಹಾಕಿ ಹೀರಬಾರದು. ವಿಮಾನ ಪ್ರಯಾಣವನ್ನು ವೈದ್ಯರಲ್ಲಿ ಕೇಳಿಯೇ ಮಾಡಬೇಕು. ಮೂಗಿನಿಂದ ಒಂದೆರಡು ದಿನ ತುಸು ರಕ್ತ ಜಿನುಗಬಹುದು. ಆದರೆ ಪುಡಿಯ ಕಣಗಳು ಮೂಗಿನಿಂದ ಬಂದರೆ, ದುರ್ವಾಸನೆ, ಜ್ವರ, ಹೆಚ್ಚುವ ಊತ ಇದ್ದರೆ ತಡಮಾಡಬಾರದು.

ಎಲ್ಲರಿಗೂ ಅಲ್ಲ

ಹತೋಟಿಯಲ್ಲಿರದ ಮಧುಮೇಹ, ಬೀಡಿ-ಸಿಗರೇಟು ಮತ್ತು ತಂಬಾಕಿನ ಚಟ, ವಾಸಿಯಾಗದ ಸೈನಸ್ ಸೋಂಕು ಇರುವವರಲ್ಲಿ ವೈಫಲ್ಯದ ಸಂಭವ ಹೆಚ್ಚು. ಎಲುಬು ಸವೆತಕ್ಕೆ ಮಾತ್ರೆ ಅಥವಾ ಇಂಜೆಕ್ಷನ್ ಪಡೆಯುತ್ತಿರುವ ಮಹಿಳೆಯರು ಅದನ್ನು ಕಡ್ಡಾಯವಾಗಿ ತಿಳಿಸಬೇಕು, ಏಕೆಂದರೆ ಕೆಲವು ಔಷಧಗಳಿಂದ ದವಡೆಯ ಗಾಯ ಮಾಯುವುದಿಲ್ಲ. ಪೊರೆ ಹರಿಯುವುದು ಈ ಶಸ್ತ್ರಚಿಕಿತ್ಸೆಯ ಅತಿ ಸಾಮಾನ್ಯ ತೊಡಕು. ಮುಂಚಿತವಾಗಿ ಸಿಬಿಸಿಟಿ ಸ್ಕ್ಯಾನ್ ಮಾಡಿಸುವುದು ಇದಕ್ಕಾಗಿಯೇ. ಕೆಲವರಿಗೆ 6 ಮಿಲಿಮೀಟರಿನ ಗಿಡ್ಡ ಇಂಪ್ಲಾಂಟ್, ಬ್ರಿಡ್ಜ್ ಅಥವಾ ತೆಗೆದಿಡುವ ಹಲ್ಲಿನ ಸೆಟ್ ಸಾಕಾಗಬಹುದು.

ಆರೋಗ್ಯ ವಿಮೆಯಲ್ಲಿ ಸಾಮಾನ್ಯವಾಗಿ ಇಂಪ್ಲಾಂಟಿನ ಖರ್ಚು ಸಿಗುವುದಿಲ್ಲ. ಪುಡಿ, ಹಾಳೆ, ಇಂಪ್ಲಾಂಟ್, ಕ್ಯಾಪ್ ಪ್ರತ್ಯೇಕವಾಗಿ ಬರೆದ ಅಂದಾಜು ಪಟ್ಟಿಯನ್ನು ಕೇಳಿ ಪಡೆಯಬೇಕು. ಸಂದೇಹವಿದ್ದರೆ ಮುಂಬಯಿ ಸೆಂಟ್ರಲ್‌ನ ನಾಯರ್ ದಂತ ವೈದ್ಯಕೀಯ ಕಾಲೇಜಿನಂತಹ ಸಂಸ್ಥೆಯಲ್ಲಿ ಎರಡನೇ ಅಭಿಪ್ರಾಯ ಪಡೆಯಬಹುದು.

ಕನ್ನಡ ಸಂಘ-ಸಂಸ್ಥೆಗಳು ವರ್ಷವೂ ದಂತ ತಪಾಸಣಾ ಶಿಬಿರಗಳನ್ನು ಏರ್ಪಡಿಸುತ್ತವೆ. ಹಿರಿಯರು ತಮ್ಮ ಭಾಷೆಯಲ್ಲೇ ಈ ಪ್ರಶ್ನೆಗಳನ್ನು ಕೇಳಲು ಅಲ್ಲಿ ಅರ್ಧ ತಾಸು ಮೀಸಲಿಟ್ಟರೆ ಶಿಬಿರ ಸಾರ್ಥಕ. ಕಿರಿಯರಿಗೆ ಹೇಳಬೇಕಾದುದು ಇಷ್ಟೇ: ಉಳಿಸಬಹುದಾದ ಹಲ್ಲನ್ನು ರೂಟ್ ಕೆನಾಲ್ ಮಾಡಿಸಿಯಾದರೂ ಉಳಿಸಿಕೊಳ್ಳಿ. ಸ್ವಂತ ಹಲ್ಲು ಇರುವಷ್ಟು ಕಾಲ ಅದರ ಎಲುಬೂ ಉಳಿಯುತ್ತದೆ.