ಧಾರವಾಡದ ರಂಗಭೂಮಿ: ಭಾಷೆ, ವರ್ಗ ಮತ್ತು ಅಭಿರುಚಿ

ಮುಂಬೈ ಪ್ರಾಂತಕ್ಕೆ ಸೇರಿದ್ದ ಧಾರವಾಡ ಸೀಮೆಯಲ್ಲಿ ಹತ್ತೊಂಬತ್ತನೆಯ ಶತಮಾನದ ಸುಶಿಕ್ಷಿತರು ಮರಾಠಿ ನಾಟಕಗಳಿಗೆ ಮನಸೋತಿದ್ದರು. ಕನ್ನಡಿಗರು ಕನ್ನಡದಲ್ಲೇ ನಾಟಕ ನೋಡಬೇಕೆಂಬ ಹಂಬಲದಿಂದ ಶಾಂತಕವಿಗಳು (ಸಕ್ಕರಿ ಬಾಳಾಚಾರ್ಯರು) 1870ರ ದಶಕದಲ್ಲಿ ಗದಗಿನಲ್ಲಿ ನಾಟಕ ಮಂಡಳಿ ಕಟ್ಟಿದರು. ಹೀಗೆ ಏಕೀಕರಣದ ಚಳವಳಿ ರೂಪುಗೊಳ್ಳುವ ಮೊದಲೇ ಇಲ್ಲಿ ನಾಡಿನ ಅಭಿಮಾನ ರಂಗದ ಮೇಲೆ ಮೈದಳೆಯಿತು.

ಆ ಅಭಿಮಾನವನ್ನು ಊರೂರಿಗೆ ಒಯ್ದವು ವೃತ್ತಿ ಕಂಪನಿಗಳು. ಟಿಕೆಟ್ಟಿನ ದರಕ್ಕೆ ತಕ್ಕಂತೆ ಕುರ್ಚಿಯ ಮೇಲೋ ನೆಲದ ಮೇಲೋ ಕೂತರೂ ವಕೀಲರು, ವ್ಯಾಪಾರಿಗಳು, ರೈತರು, ಕೂಲಿಕಾರರು ಒಂದೇ ನಾಟಕ ನೋಡಿ ಒಂದೇ ಹಾಡಿಗೆ ತಲೆದೂಗಿದರು. ಕಂಪನಿ ನಟ ಏಣಗಿ ಬಾಳಪ್ಪನವರ (1914–2017) ಬಸವೇಶ್ವರನ ಪಾತ್ರ ಅಕ್ಷರ ಬಾರದವರಿಗೂ ಶರಣರ ಚರಿತ್ರೆಯನ್ನು ಮನಮುಟ್ಟಿಸಿತು.

ಇಂಗ್ಲಿಷ್ ಶಿಕ್ಷಣ ಹಬ್ಬಿದಂತೆ ಇನ್ನೊಂದು ರಂಗಭೂಮಿ ಹುಟ್ಟಿತು. ಲಂಡನ್ನಿನಲ್ಲಿ ಓದಿ ಬಂದು ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತಿದ್ದ ನಾಟಕಕಾರ ಶ್ರೀರಂಗರು ಮಧ್ಯಮವರ್ಗದ ಸೋಗಲಾಡಿತನವನ್ನು ಹವ್ಯಾಸಿ ರಂಗದ ಮೇಲೆ ಬಯಲಿಗೆಳೆದರು. ಆದರೆ ಇದೇ ವೇಳೆಗೆ ಕಂಪನಿ ನಾಟಕದ ಹಾಡು, ಹಾಸ್ಯ, ಝಗಝಗಿಸುವ ಪರದೆಗಳು ಕೀಳು ಅಭಿರುಚಿಯವೆಂಬ ಭಾವನೆಯೂ ಸುಶಿಕ್ಷಿತರಲ್ಲಿ ಬೇರೂರಿತು. ಅಭಿರುಚಿಯೆಂಬುದು ಹುಟ್ಟುಗುಣವಲ್ಲ, ಮನೆತನ ಮತ್ತು ಶಿಕ್ಷಣ ಅದನ್ನು ರೂಪಿಸುತ್ತವೆ ಎಂದು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದಿಯು ತೋರಿಸಿದ್ದು ಧಾರವಾಡಕ್ಕೂ ಸಲ್ಲುತ್ತದೆ.

ಸ್ವಾತಂತ್ರ್ಯಾನಂತರ ಜಿ. ಬಿ. ಜೋಶಿಯವರ ಮನೋಹರ ಗ್ರಂಥಮಾಲೆ ಗಿರೀಶ ಕಾರ್ನಾಡರ ನಾಟಕಗಳನ್ನು ಪ್ರಕಟಿಸಿತು. ಆದರ್ಶವಾದಿ ಸುಲ್ತಾನನ ಸೋಲನ್ನು ಚಿತ್ರಿಸುವ ‘ತುಘಲಕ್’ (1964) ನೆಹರೂ ಯುಗದ ಭ್ರಮನಿರಸನದ ಕನ್ನಡಿಯೆನಿಸಿ ದಿಲ್ಲಿಯ ರಂಗದಲ್ಲಿ ಹಿಂದೂಸ್ತಾನಿಯಲ್ಲಿ ಮೆರೆಯಿತು. ‘ಹಯವದನ’ದಲ್ಲಿ ಯಕ್ಷಗಾನದ ಭಾಗವತ, ಅರ್ಧಪಟಗಳು ಆಧುನಿಕ ನಾಟಕದ ಅಂಗಗಳಾದವು. ವಸಾಹತುಶಾಹಿಯಿಂದ ಬಿಡುಗಡೆಯಾದ ದೇಶ ತನ್ನದೇ ರಂಗರೂಪವನ್ನು ಅರಸುತ್ತಿದ್ದಾಗ ಇಂಥ ಪ್ರಯೋಗಗಳು ‘ಭಾರತೀಯ’ವೆನಿಸಿದವು. ಕೆನ್ಯಾದಲ್ಲಿ 1977ರಲ್ಲಿ ಲೇಖಕ ಗೂಗಿ ವಾ ಥಿಯಾಂಗೊ ರೈತ–ಕಾರ್ಮಿಕರೊಡನೆ ಗಿಕುಯು ಭಾಷೆಯಲ್ಲಿ ನಾಟಕ ಕಟ್ಟಿ ಸೆರೆಮನೆ ಸೇರಿದ್ದು ಇದೇ ಹುಡುಕಾಟದ ಮತ್ತೊಂದು ಮುಖ.

ಜನಪದ ರೂಪಕ್ಕೆ ರಾಷ್ಟ್ರೀಯ ಗೌರವ ಬಂತು. ಆದರೆ ಆ ಗೌರವ ಬಯಲಾಟ, ಸಣ್ಣಾಟ, ಕಂಪನಿಗಳ ಕಲಾವಿದರಿಗೆ ಅಷ್ಟೇ ಪ್ರಮಾಣದಲ್ಲಿ ದಕ್ಕಲಿಲ್ಲ. ಶ್ರೀರಂಗ, ಕಾರ್ನಾಡರಷ್ಟೇ ಏಣಗಿ ಬಾಳಪ್ಪನವರೂ ಧಾರವಾಡದ ಆಸ್ತಿ. ಇವರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿ ಓದುವ, ಆಡುವ, ಕಲಿಸುವ ಕೆಲಸವನ್ನು ಇಲ್ಲಿನ ವಿದ್ಯಾಸಂಸ್ಥೆಗಳೂ ರಂಗಸಂಘಗಳೂ ಕೈಗೆತ್ತಿಕೊಳ್ಳಬೇಕು.