ನಿಮಗಿದು ಗೊತ್ತೆ? ಕವಿತೆಗಳನ್ನು ಸುಟ್ಟ ಕವಿ

ಕಾವ್ಯರಚನೆ ಸಂನ್ಯಾಸಕ್ಕೆ ಹೊಂದದೆಂದು ಭಾವಿಸಿ, ಆಂಗ್ಲ ಕವಿ ಜೆರಾರ್ಡ್ ಮ್ಯಾನ್ಲಿ ಹಾಪ್‌ಕಿನ್ಸ್ 1868ರಲ್ಲಿ, ಕ್ಯಾಥೊಲಿಕರ ಜೆಸ್ವಿಟ್ ಸಂಘವನ್ನು ಸೇರುವ ಮುನ್ನ, ತನ್ನಲ್ಲಿದ್ದ ಕವಿತೆಗಳನ್ನು ಅಗ್ನಿಗೆ ಅರ್ಪಿಸಿದನು. ಮುಂದೆ ಏಳು ವರ್ಷ ಬಹುಮಟ್ಟಿಗೆ ಮೌನ. 1875ರ ಡಿಸೆಂಬರಿನಲ್ಲಿ, ಥೇಮ್ಸ್ ನದಿಯ ಮುಖದಾಚೆ ಮರಳುದಿಬ್ಬಕ್ಕೆ ಸಿಲುಕಿದ ‘ಡಾಯ್ಚ್‌ಲ್ಯಾಂಡ್’ ಹಡಗಿನಲ್ಲಿ, ಜರ್ಮನಿಯ ಶಾಸನಗಳಿಂದ ದೇಶಭ್ರಷ್ಟರಾಗಿ ಹೊರಟಿದ್ದ ಐವರು ಫ್ರಾನ್ಸಿಸ್ಕನ್ ಸಂನ್ಯಾಸಿನಿಯರು ಜಲಸಮಾಧಿಯಾದ ವಾರ್ತೆ ಅವನ ಅಂತಃಕರಣವನ್ನು ಕಲಕಲು, ಇದನ್ನು ಕುರಿತು ಯಾರಾದರೂ ಕವಿತೆ ಬರೆಯಬಾರದೆ ಎಂದು ಮಠದ ಹಿರಿಯರಾಡಿದ ಮಾತೇ ಅನುಜ್ಞೆಯಾಯಿತು. ಹಾಗೆ ಹುಟ್ಟಿದ ಅಪೂರ್ವ ಕೃತಿಯನ್ನು, ಅಯ್ಯೋ, ಅವನ ಸಂಘದ ಪತ್ರಿಕೆಯೇ ಪ್ರಕಟಿಸಲಿಲ್ಲ! 1889ರಲ್ಲಿ ಕವಿ ತೀರಿಕೊಂಡು 29 ವರ್ಷಗಳಾದ ಮೇಲೆ ಮಿತ್ರ ರಾಬರ್ಟ್ ಬ್ರಿಜಿಸ್ ಅವನ ಕವಿತೆಗಳನ್ನು ಹೊರತಂದನು. ಅಚ್ಚಾದ 750 ಪ್ರತಿಗಳು ಮಾರಾಟವಾಗಲು ಸುಮಾರು ಒಂದು ದಶಕವೇ ಹಿಡಿಯಿತು.