ಕಾರಿನ ಮೈ, ಕಾವೇರಿಯ ನೀರು

ವಿದ್ಯಾರಣ್ಯಪುರದ ಮಗ್ಗುಲಲ್ಲಿ ಸಿಂಗಾಪುರವೆಂಬ ಊರಿದೆ. ವಿಮಾನ ಹತ್ತಿ ಹೋಗುವ ಸಿಂಗಾಪುರವಲ್ಲ, ಸಿಟಿ ಬಸ್ಸಿನಲ್ಲಿ ಹೋಗಬಹುದಾದ ಸಿಂಗಾಪುರ. ಹಳೆಯ ಹಳ್ಳಿ, ಅದಕ್ಕೊಂದು ಕೆರೆ. ಈಗ ಸುತ್ತಲೂ ಬಡಾವಣೆಗಳು. ಭಾನುವಾರ ಬೆಳಗ್ಗೆ ಇಲ್ಲಿನ ಅಡ್ಡರಸ್ತೆಗಳಲ್ಲಿ ನಡೆದರೆ ಉತ್ತರ ಬೆಂಗಳೂರಿನ ಎಲ್ಲ ಬಡಾವಣೆಗಳಲ್ಲೂ ಕಾಣುವ ನೋಟವೇ ಕಾಣುತ್ತದೆ. ಗೇಟು ತೆರೆದಿರುತ್ತದೆ, ಕಾರು ಅರ್ಧ ರಸ್ತೆಗೆ ಬಂದು ನಿಂತಿರುತ್ತದೆ, ಮನೆಯ ಯಜಮಾನರು ಪಂಚೆ ಮೇಲೆತ್ತಿ ಕಟ್ಟಿ ಕೈಯಲ್ಲಿ ಪೈಪು ಹಿಡಿದಿರುತ್ತಾರೆ. ನೀರು ಇಳಿಜಾರು ಹಿಡಿದು ಪಕ್ಕದ ಮನೆಯ ರಂಗೋಲಿಯನ್ನು ಅಳಿಸಿಕೊಂಡು ಚರಂಡಿ ಸೇರುತ್ತದೆ.

ಈ ನೋಟಕ್ಕೆ 2024ರ ಮಾರ್ಚಿಯಲ್ಲಿ ಕಾನೂನು ಅಡ್ಡ ಬಂತು. ಹಿಂದಿನ ವರ್ಷ ಮಳೆ ಕೈಕೊಟ್ಟು ನಗರದ ಸಾವಿರಾರು ಕೊಳವೆಬಾವಿಗಳು ಬತ್ತಿದ್ದವು. ಮಾರ್ಚಿ 8ರಂದು ಬೆಂಗಳೂರು ಜಲಮಂಡಲಿಯು ತನ್ನ 1964ರ ಕಾಯಿದೆಯ ಅಧಿಕಾರವನ್ನು ಬಳಸಿ, ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿತು. ತಪ್ಪಿದರೆ 5,000 ರೂಪಾಯಿ ದಂಡ. ಮತ್ತೆ ತಪ್ಪಿದರೆ ದಂಡದ ಮೇಲೆ ದಿನಕ್ಕೆ 500 ರೂಪಾಯಿ. ಆ ತಿಂಗಳು ಮೂರೇ ದಿನಗಳಲ್ಲಿ 22 ಮನೆಗಳವರು ಒಟ್ಟು 1.10 ಲಕ್ಷ ರೂಪಾಯಿ ದಂಡ ತೆತ್ತರು. 2025ರ ಫೆಬ್ರುವರಿಯಲ್ಲಿ, ಬೇಸಿಗೆ ಬರುವ ಮೊದಲೇ, ಮಂಡಲಿ ಇದೇ ಆದೇಶವನ್ನು ಮತ್ತೆ ಹೊರಡಿಸಿತು.

ಕಾರಿನ ಒಡೆಯರ ಅಳಲೂ ಸುಳ್ಳಲ್ಲ. ತೊಳೆಯದಿದ್ದರೆ ಬಣ್ಣ ಹಾಳು, ತೊಳೆದರೆ ದಂಡ ಎಂಬುದು ಅವರ ಸಂಕಟ. ಹೊಸದಾಗಿ ಬಣ್ಣ ಹೊಡೆಸುವುದೆಂದರೆ ಹಗುರ ಖರ್ಚಲ್ಲ. ಆದರೆ ಕಾರಿನ ಬಣ್ಣವೆಂದರೆ ಏನು, ಅದನ್ನು ಹಾಳುಮಾಡುವುದು ಯಾವುದು ಎಂದು ಸ್ವಲ್ಪ ವಿಚಾರಿಸಿದರೆ ಈ ಸಂಕಟ ಬಹುಮಟ್ಟಿಗೆ ಕರಗುತ್ತದೆ. ಬಣ್ಣಕ್ಕೆ ಹಿತವಾದದ್ದೂ ನೀರನ್ನು ಉಳಿಸುವುದೂ ಹೆಚ್ಚು ಕಡಿಮೆ ಒಂದೇ ವಿಧಾನ.

ಬಣ್ಣದ ಕಥೆ ಮರದಿಂದ ಆರಂಭವಾಗುತ್ತದೆ. ಮೊದಲ ಕಾರುಗಳು ಕುದುರೆಯಿಲ್ಲದ ಸಾರೋಟುಗಳಷ್ಟೆ. ಅವಕ್ಕೆ ಸಾರೋಟಿನ ಮೆರುಗೆಣ್ಣೆಯನ್ನೇ ಬಳಿಯುತ್ತಿದ್ದರು. ಒಂದು ಲೇಪ ಒಣಗಿದ ಮೇಲೆ ಉಜ್ಜಿ, ಇನ್ನೊಂದು ಲೇಪ ಹಚ್ಚಿ, ಹೀಗೆ ಒಂದು ಗಾಡಿ ಬಣ್ಣ ಕಂಡು ಹೊರಬರಲು ವಾರಗಳೇ ಹಿಡಿಯುತ್ತಿದ್ದವು. 1923ರಲ್ಲಿ ಅಮೆರಿಕದ ಡ್ಯುಪಾಂಟ್ ಮತ್ತು ಜನರಲ್ ಮೋಟಾರ್ಸ್ ಕಂಪನಿಗಳು ಹತ್ತಿಯ ನಾರನ್ನು ನೈಟ್ರಿಕ್ ಆಮ್ಲದಲ್ಲಿ ಸಂಸ್ಕರಿಸಿ ಮಾಡಿದ, ಬೇಗ ಒಣಗುವ ಬಣ್ಣವೊಂದನ್ನು ತಂದವು. ಅದರ ಹೆಸರು ಡ್ಯುಕೊ. ನಮ್ಮ ಗ್ಯಾರೇಜುಗಳಲ್ಲೂ ಬಡಗಿಗಳಲ್ಲೂ ಇಂದಿಗೂ ಕೇಳಿಬರುವ ‘ಡೂಕೊ ಪೇಂಟು’ ಅದೇ ಮಾತಿನ ಉಳಿಕೆ.

ನಮ್ಮ ನಾಡಿಗೆ ಮೆರುಗಿನ ವಿದ್ಯೆ ಹೊಸತಲ್ಲ. ಚನ್ನಪಟ್ಟಣದ ಕುಶಲಕರ್ಮಿಗಳು ತಿರುಗುವ ಮರದ ಗೊಂಬೆಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಬಳಿಕ ಒಣಗಿದ ಗರಿಯಿಂದ ಉಜ್ಜಿದರೆ ಹೊಳಪು ಏಳುತ್ತದೆ. ಇದೇ ಅರಗನ್ನು ನೆಚ್ಚಿ 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಸ್ಥಾಪನೆಯಾಯಿತು. 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಅಳಿಸದ ಶಾಯಿ ಒದಗಿಸಿ ಹೆಸರಾದ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಇದೇ. ಜನಕ್ಕೆ ಶಾಯಿ ನೆನಪಿದೆ, ಮೆರುಗೆಣ್ಣೆ ಮರೆತುಹೋಗಿದೆ.

ಈಗಿನ ಕಾರಿಗೆ ಬರೋಣ. ತಗಡಿನ ಮೇಲೆ ಮೊದಲು ತುಕ್ಕು ತಡೆಯುವ ಲೇಪ, ಅದರ ಮೇಲೆ ಅಸ್ತರಿ, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಪಾರದರ್ಶಕ ಪದರ. ಈ ಕೊನೆಯ ಪದರ 1980ರ ದಶಕದಿಂದೀಚೆಗೆ ವ್ಯಾಪಕವಾಗಿ ಬಳಕೆಗೆ ಬಂತು. ಹಳೆಯ ಅಂಬಾಸಡರ್, ಫಿಯೆಟ್ ಕಾರುಗಳನ್ನು ಪಾಲಿಶ್ ಹಾಕಿ ಉಜ್ಜಿದವರಿಗೆ ನೆನಪಿರಬಹುದು: ಬಟ್ಟೆಗೆ ಕಾರಿನ ಬಣ್ಣವೇ ಹತ್ತುತ್ತಿತ್ತು. ಆಗ ಬಣ್ಣದ ಮೇಲೆ ಬೇರೆ ಹೊದಿಕೆ ಇರಲಿಲ್ಲ. ಇಂದು ಬಟ್ಟೆಗೆ ಬಣ್ಣ ಹತ್ತುವುದಿಲ್ಲ. ಹಾಗೆಂದು ಏನೂ ಸವೆಯುತ್ತಿಲ್ಲವೆಂದು ತಿಳಿಯಬಾರದು. ಪಾರದರ್ಶಕ ಪದರದ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಅಂದರೆ ನಮ್ಮ ತಲೆಕೂದಲಿಗಿಂತ ತೆಳ್ಳಗೆ. ಸೂರ್ಯನ ಅತಿನೇರಳೆ ಕಿರಣಗಳನ್ನು ತಡೆಯುವ ವಸ್ತುಗಳು ಇರುವುದು ಈ ಪದರದಲ್ಲೇ. ಅದು ಸವೆದಷ್ಟೂ ಕೆಳಗಿನ ಬಣ್ಣ ಬಿಸಿಲಿಗೆ ತೆರೆದುಕೊಳ್ಳುತ್ತದೆ.

ಸವೆಸುವುದು ಯಾವುದು? ಧೂಳು ಎಂಬುದು ಅರ್ಧ ಉತ್ತರ. ಸುಮ್ಮನೆ ಕುಳಿತ ಧೂಳು ಬಣ್ಣಕ್ಕೆ ಹೆಚ್ಚಿನ ಕೇಡು ಮಾಡದು. ಕೇಡು ಶುರುವಾಗುವುದು ಅದನ್ನು ಒರೆಸಿದಾಗ. ಬೆಂಗಳೂರಿನ ನೆಲದಡಿಯಲ್ಲಿರುವುದು ಗ್ರಾನೈಟ್ ಜಾತಿಯ ಕಲ್ಲು. ಅದು ಸವೆದು ಪುಡಿಯಾದ ಮಣ್ಣಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಅವು ಗಾಜನ್ನೂ ಗೀರಬಲ್ಲಷ್ಟು ಗಟ್ಟಿ. ಕಾರಿನ ಮೇಲ್ಪದರವೋ ಒಂದು ಬಗೆಯ ಪ್ಲಾಸ್ಟಿಕ್. ಒಣ ಬಟ್ಟೆಯಲ್ಲಿ ಧೂಳು ಝಾಡಿಸಿ ಒರೆಸುವುದೆಂದರೆ ಉಜ್ಜುಕಾಗದ ಆಡಿಸಿದಂತೆಯೇ. ಬಿಸಿಲಿನಲ್ಲಿ ನಿಂತ ಕಪ್ಪು ಕಾರಿನ ಮೇಲೆ ಸೂರ್ಯನ ಬಿಂಬದ ಸುತ್ತ ಜೇಡರಬಲೆಯಂತೆ ಗೆರೆಗಳು ಕಾಣುವುದುಂಟು. ಗೀರುಗಳು ನಿಜವಾಗಿ ಎಲ್ಲ ದಿಕ್ಕಿಗೂ ಇರುತ್ತವೆ. ಬೆಳಕಿಗೆ ಅಡ್ಡಲಾಗಿರುವವು ಮಾತ್ರ ಹೊಳೆಯುವುದರಿಂದ ಸುತ್ತು ಸುತ್ತಾಗಿ ಕಾಣುತ್ತವೆ. ಅವನ್ನು ಬರೆದದ್ದು ರಸ್ತೆಯಲ್ಲ, ಒರೆಸುವ ಬಟ್ಟೆ.

ಅಪಾರ್ಟ್‌ಮೆಂಟುಗಳಲ್ಲಿ ನಸುಕಿಗೇ ಬಂದು ಕಾರು ಒರೆಸಿ ಹೋಗುವ ಹುಡುಗರ ಮಾತನ್ನು ಇಲ್ಲಿ ಹೇಳಲೇಬೇಕು. ಒಂದು ಬಕೆಟ್ಟು, ಒಂದು ಬಟ್ಟೆ, ಹತ್ತಾರು ಕಾರು. ಮೊದಲ ಕಾರಿನ ಮರಳು ಹತ್ತನೆಯ ಕಾರಿನ ಮೈಮೇಲೆ ಹರಿದಾಡುತ್ತದೆ. ತಪ್ಪು ಹುಡುಗನದೆನ್ನಲಾರೆ. ತಿಂಗಳಿಗೆ ಕೆಲವು ನೂರು ರೂಪಾಯಿ ಕೊಟ್ಟು ದಿನವೂ ಒರೆಸಬೇಕೆಂದು ಕೇಳುವವರು ನಾವು. ಲಕ್ಷಗಟ್ಟಲೆ ಕೊಟ್ಟು ಕಾರು ಕೊಂಡವರು ಅವನಿಗೆ ಇನ್ನೊಂದು ಬಕೆಟ್ಟು, ನಾಲ್ಕು ಒಳ್ಳೆಯ ಬಟ್ಟೆ ಕೊಡಿಸಿ, ದಿನ ಬಿಟ್ಟು ದಿನ ಬಾ ಎಂದರೆ ಕಾರಿಗೂ ಒಳ್ಳೆಯದು, ಅವನ ಬೆನ್ನಿಗೂ ಒಳ್ಳೆಯದು.

ಎರಡನೆಯ ಬಕೆಟ್ಟಿನ ಗುಟ್ಟು ಇಷ್ಟೆ. ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬರೀ ನೀರು. ಮೊದಲು ಚೊಂಬಿನಿಂದ ನೀರು ಸುರಿದು ಸಡಿಲ ಧೂಳನ್ನು ಕೈಮುಟ್ಟಿಸದೆ ಇಳಿಸಬೇಕು. ಬಳಿಕ ಬಟ್ಟೆಯನ್ನು ಸೋಪಿನ ನೀರಿನಲ್ಲಿ ಅದ್ದಿ, ಛಾವಣಿಯಿಂದ ಆರಂಭಿಸಿ ಕೆಳಕ್ಕೆ ಬರಬೇಕು. ಒಂದೊಂದು ಭಾಗ ಮುಗಿದಾಗಲೂ ಬರೀ ನೀರಿನಲ್ಲಿ ಬಟ್ಟೆಯನ್ನು ಜಾಲಿಸಿ, ಆಮೇಲಷ್ಟೇ ಮತ್ತೆ ಸೋಪಿಗೆ. ಮರಳು ಎರಡನೆಯ ಬಕೆಟ್ಟಿನ ತಳದಲ್ಲಿ ಉಳಿಯುತ್ತದೆ. ಚಕ್ರಗಳಿಗೂ ಬಾಗಿಲಿನ ಕೆಳಭಾಗಕ್ಕೂ ಬೇರೆಯೇ ಬಟ್ಟೆ. ಪಾತ್ರೆ ತೊಳೆಯುವ ಸೋಪು, ಬಟ್ಟೆ ಒಗೆಯುವ ಪುಡಿ ಬೇಡ; ಜಿಡ್ಡು ತೆಗೆಯಲೆಂದೇ ಮಾಡಿದ ಅವು ಮೇಣವನ್ನೂ ತೆಗೆಯುತ್ತವೆ. ಕಾರಿಗೆಂದೇ ಸಿಗುವ ಶ್ಯಾಂಪು ಒಂದು ಮುಚ್ಚಳದಷ್ಟು ಸಾಕು.

ನೀರಿನ ಲೆಕ್ಕ ಹೀಗೆ: ಪೈಪಿನಲ್ಲಿ ನಿಮಿಷಕ್ಕೆ ಹತ್ತು ಲೀಟರ್ ಎಂದು ಕಡಿಮೆಯೇ ಹಿಡಿದರೂ ಕಾಲು ಗಂಟೆಗೆ 150 ಲೀಟರ್ ಆಯಿತು. ನಗರದಲ್ಲಿ ಒಬ್ಬ ಮನುಷ್ಯನ ಸ್ನಾನ, ಅಡುಗೆ, ಬಟ್ಟೆ ಎಲ್ಲಕ್ಕೂ ಸೇರಿ ದಿನಕ್ಕೆ ಬೇಕೆಂದು ಸರ್ಕಾರಿ ಲೆಕ್ಕದಲ್ಲಿ ಹಿಡಿಯುವುದು 135 ಲೀಟರ್. ಆ ನೀರು ಬರುವುದೂ ಸುಲಭದಲ್ಲಲ್ಲ. ತೊರೆಕಾಡನಹಳ್ಳಿಯ ಕಡೆಯಿಂದ ನೂರು ಕಿಲೋಮೀಟರಿನಷ್ಟು ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪು ಮಾಡಿ ತರಬೇಕು. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತ ಉದ್ಘಾಟನೆಯಾಗಿ ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರಿಗೆ ದಾರಿಯಾಯಿತು, ನಿಜ. ಆದರೆ ಅದನ್ನು ಯೋಜಿಸಿದ್ದು ನಗರಕ್ಕೆ ಸೇರಿದ ಅಂಚಿನ 110 ಹಳ್ಳಿಗಳ ನಲ್ಲಿಗಳಿಗಾಗಿ, ಕಾರಿಗಾಗಿ ಅಲ್ಲ. ಎರಡು ಬಕೆಟ್ಟಿನ ವಿಧಾನಕ್ಕೆ ಎಲ್ಲ ಸೇರಿ ನಲವತ್ತು ಲೀಟರಿನೊಳಗೆ ಕೆಲಸ ಮುಗಿಯುತ್ತದೆ.

“ನಮ್ಮದು ಬೋರ್ ನೀರು, ಕಾವೇರಿಯಲ್ಲ” ಎನ್ನುವವರುಂಟು. ಉತ್ತರ ಬೆಂಗಳೂರಿನ ಬಡಾವಣೆಗಳು ಬಹುಕಾಲ ಕೊಳವೆಬಾವಿಯನ್ನೂ ಟ್ಯಾಂಕರನ್ನೂ ನಂಬಿದ್ದವು ತಾನೆ. ಆದರೆ ಬಣ್ಣಕ್ಕೆ ಹೆಚ್ಚು ಅಪಾಯ ಆ ನೀರಿನಿಂದಲೇ. ಆಳದ ಕಲ್ಲಿನ ಸಂದಿಯಿಂದ ಬರುವ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ಇದೇ ಗಡಸು ನೀರು. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇರಬಹುದು, ಬೇರೆ ದಾರಿಯಿಲ್ಲದಿದ್ದರೆ 600ರವರೆಗೆ. ಹನಿ ಆವಿಯಾದಾಗ ಲವಣ ಬಿಳಿ ಉಂಗುರವಾಗಿ ಕೂರುತ್ತದೆ. ಸ್ನಾನದ ನೀರು ಕಾಯಿಸುವ ಪಾತ್ರೆಯ ತಳದ ಬಿಳಿ ಹೆಪ್ಪು ಇದರ ಅಣ್ಣ. ಬಿಸಿಲಿಗೆ ಕಾದ ಬಾನೆಟ್ಟಿನ ಮೇಲೆ ಆ ಉಂಗುರ ಪದರಕ್ಕೇ ಕಚ್ಚಿಕೊಂಡರೆ ಉಜ್ಜಿ ತೆಗೆಯದೆ ಬೇರೆ ಉಪಾಯವಿಲ್ಲ. ಆದ್ದರಿಂದ ತೊಳೆಯುವುದು ನೆರಳಿನಲ್ಲಿ, ಕಾರು ತಣ್ಣಗಿದ್ದಾಗ. ತೊಳೆದ ಕೂಡಲೇ ಮೈಕ್ರೋಫೈಬರ್ ಬಟ್ಟೆಯಿಂದ ನೀರನ್ನು ಹೀರಿಸಬೇಕು.

ಕೊನೆಯ ಜಾಲಾಟಕ್ಕೆ ಮಳೆನೀರಿನಷ್ಟು ಒಳ್ಳೆಯದು ಇನ್ನೊಂದಿಲ್ಲ, ಅದರಲ್ಲಿ ಲವಣವೇ ಇಲ್ಲವೆನ್ನುವಷ್ಟು ಕಡಿಮೆ. 2009ರ ತಿದ್ದುಪಡಿಯಿಂದ ಬೆಂಗಳೂರಿನಲ್ಲಿ ಮೂವತ್ತು-ನಲವತ್ತರ ನಿವೇಶನದ ಹೊಸ ಮನೆಗಳಿಗೂ ಮಳೆನೀರು ಸಂಗ್ರಹ ಕಡ್ಡಾಯ. ಅನೇಕರು ಕಾನೂನಿಗೆ ಹೆದರಿ ಒಂದು ಡ್ರಮ್ಮು ಇಟ್ಟು ಮರೆತಿದ್ದಾರೆ. ಆ ಡ್ರಮ್ಮಿನ ಮುಚ್ಚಳ ತೆಗೆದು ನೋಡಬಹುದು. ಅಂದಹಾಗೆ, ಆ ಇನ್ನೊಂದು ಸಿಂಗಾಪುರ 2003ರಿಂದ ತನ್ನ ಕೊಳಚೆ ನೀರನ್ನೇ ಶುದ್ಧಗೊಳಿಸಿ ಕಾರ್ಖಾನೆಗಳಿಗೆ ಕೊಡುತ್ತಿದೆ, ಒಂದಂಶವನ್ನು ಕುಡಿಯುವ ನೀರಿನ ಜಲಾಶಯಕ್ಕೂ ಬಿಡುತ್ತಿದೆ. ನಮ್ಮ ಸಿಂಗಾಪುರದಿಂದ ದೂರವಲ್ಲದ ಜಕ್ಕೂರಿನಲ್ಲೂ ಶುದ್ಧೀಕರಿಸಿದ ನೀರೇ ಕೆರೆಯನ್ನು ತುಂಬಿಸುತ್ತಿದೆ. ಅಪಾರ್ಟ್‌ಮೆಂಟಿನ ಶುದ್ಧೀಕರಿಸಿದ ನೀರು ಚಕ್ರಗಳಿಗೆ, ಮೊದಲ ಧೂಳಿಳಿಸಲು ಧಾರಾಳವಾಗಿ ಸಾಕು.

ಇನ್ನು ಮೇಣ. ಕೆಸುವಿನೆಲೆಯ ಮೇಲೆ ನೀರು ಮುತ್ತಾಗಿ ಉರುಳುವುದನ್ನು ಯಾರು ನೋಡಿಲ್ಲ? ಎಲೆಯ ಮೈಮೇಲಿನ ಮೇಣದ ಸೂಕ್ಷ್ಮ ಹರಳುಗಳೇ ಅದಕ್ಕೆ ಕಾರಣ. ಕಾರಿಗೆ ಹಚ್ಚುವ ಪ್ರಸಿದ್ಧ ಮೇಣವೂ ಎಲೆಯದೇ. ಬ್ರೆಜಿಲಿನ ಈಶಾನ್ಯದ ಒಣನೆಲದಲ್ಲಿ ಬೆಳೆಯುವ ಕಾರ್ನೌಬಾ ಎಂಬ ತಾಳೆಜಾತಿಯ ಮರ, ತೇವ ಆರದಿರಲೆಂದು ತನ್ನ ಗರಿಗೆ ಮೇಣ ಬಳಿದುಕೊಳ್ಳುತ್ತದೆ. ಗರಿ ಒಣಗಿಸಿ ಬಡಿದರೆ ಅದು ಉದುರುತ್ತದೆ. ನಮ್ಮವರಿಗೆ ಗೊತ್ತಿದ್ದದ್ದು ಜೇನುಮೇಣ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮೇಣದ ಅಚ್ಚು ಮಾಡಿ ಲೋಹದ ಮೂರ್ತಿ ಎರಕ ಹೊಯ್ಯುವ ಕ್ರಮ ವಿವರವಾಗಿದೆ. ಆದರೆ ಜೇನುಮೇಣ 62 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲೇ ಕರಗುತ್ತದೆ. ಏಪ್ರಿಲ್ ಮಧ್ಯಾಹ್ನದ ಕಪ್ಪು ಬಾನೆಟ್ಟು ಆ ಬಿಸಿಯನ್ನು ಮುಟ್ಟಬಲ್ಲದು. ಕಾರ್ನೌಬಾ ಕರಗಲು 80 ಡಿಗ್ರಿ ದಾಟಬೇಕು. ಮೂರ್ತಿಗೆ ಒಂದು, ಮೋಟಾರಿಗೆ ಇನ್ನೊಂದು.

ಪಾಲಿಶ್ಶಿಗೂ ಮೇಣಕ್ಕೂ ಇರುವ ವ್ಯತ್ಯಾಸವನ್ನು ಅಂಗಡಿಯವರೇ ಎಷ್ಟೋ ಸಲ ಹೇಳುವುದಿಲ್ಲ. ಪಾಲಿಶ್ ಹೆರೆಯುತ್ತದೆ, ಮೇಣ ಹೊದಿಸುತ್ತದೆ. ಗೀರು ಮಾಯವಾಯಿತೆಂದರೆ ಗೀರಿನ ಸುತ್ತಲಿನ ಪದರವನ್ನು ಅದರ ಮಟ್ಟಕ್ಕೆ ತಗ್ಗಿಸಿದ್ದೇವೆ ಎಂದರ್ಥ. ತಿಂಗಳಿಗೊಮ್ಮೆ ಪಾಲಿಶ್ ಹಾಕಿಸುವುದು ಕೂದಲೆಳೆಗಿಂತ ತೆಳುವಾದ ಆಸ್ತಿಯನ್ನು ದುಂದು ಮಾಡಿದಂತೆ. ಮೇಣವನ್ನಾದರೆ ಎರಡು ಮೂರು ತಿಂಗಳಿಗೊಮ್ಮೆ ಹಚ್ಚಬಹುದು. ತೊಳೆದು ಒಣಗಿದ ಮೇಲೆ, ನೆರಳಿನಲ್ಲಿ, ಆದಷ್ಟು ತೆಳುವಾಗಿ, ಒಂದೊಂದೇ ಭಾಗಕ್ಕೆ ಸವರಿ, ಮಂಜು ಕವಿದಂತಾದಾಗ ಬೇರೆ ಬಟ್ಟೆಯಿಂದ ಒರೆಸಿ ತೆಗೆಯುವುದು. ದಪ್ಪಗೆ ಮೆತ್ತಿದರೆ ಲಾಭವಿಲ್ಲ, ಒರೆಸುವ ಕೈಗೆ ನೋವು ಅಷ್ಟೆ. ಮೇಣವಿದ್ದ ಮೈಗೆ ಧೂಳು ಬಿಗಿಯಾಗಿ ಅಂಟದು, ಒಂದು ಚೊಂಬು ನೀರಿಗೇ ಜಾರುತ್ತದೆ. ವಾರಕ್ಕೊಮ್ಮೆ ತೊಳೆಯುವವರು ಎರಡು ಮೂರು ವಾರಕ್ಕೊಮ್ಮೆ ತೊಳೆದರೆ ಸಾಕಾಗುತ್ತದೆ. ಆದರೆ ಮುತ್ತಾಗಿ ನಿಂತ ಗಡಸು ನೀರಿನ ಹನಿ ಬಿಸಿಲಲ್ಲಿ ಒಣಗಿದರೆ ಮೇಣದ ಮೇಲೂ ಉಂಗುರ ಬೀಳುತ್ತದೆ. ಈಚಿನ ‘ಸೆರಾಮಿಕ್’ ಲೇಪಗಳು ಮೇಣಕ್ಕಿಂತ ಬಹುಕಾಲ ಬಾಳುತ್ತವೆ, ಬೆಲೆಯೂ ಹಾಗೇ ಇದೆ. ತೊಳೆಯುವ ಕೆಲಸವನ್ನು ಅವೂ ತಪ್ಪಿಸವು.

ಕಾಯದೆ ತೊಳೆಯಬೇಕಾದದ್ದು ಹಕ್ಕಿಯ ಹಿಕ್ಕೆ. ಅದರಲ್ಲಿ ಯೂರಿಕ್ ಆಮ್ಲವಿರುತ್ತದೆ. ಬಿಸಿಲಿಗೆ ಒಣಗಿ ಗಟ್ಟಿಯಾಗುತ್ತ ಮೇಲ್ಪದರವನ್ನು ಕೆಡಿಸುತ್ತದೆ. ಒಣಗಿದ್ದನ್ನು ಉಗುರಿನಿಂದ ಕೆರೆಯದೆ ಒದ್ದೆ ಬಟ್ಟೆಯನ್ನು ಐದು ನಿಮಿಷ ಹೊದಿಸಿಟ್ಟು ಮೆದುವಾದ ಮೇಲೆ ಎತ್ತಬೇಕು. ಮಾವಿನ ಮರದಡಿ ನಿಲ್ಲಿಸಿದ ಕಾರಿನ ಮೇಲೆ ಬೀಳುವ ಅಂಟೂ ಹೀಗೆಯೇ. ಅದು ಹೆಚ್ಚಾಗಿ ಮರದ್ದಲ್ಲ, ಎಲೆಯ ರಸ ಹೀರುವ ಕೀಟಗಳದ್ದು.

ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ, ತೊಳೆಯುವುದೇ ಪೂಜೆಯ ಮೊದಲ ಅಂಗ. ಅಂದು ಯಾರೂ ಯಾರಿಗೂ ಲೆಕ್ಕ ಹೇಳುವುದಿಲ್ಲ. ಬಕೆಟ್ಟಿನಿಂದ ತೊಳೆದರೂ ಪೂಜೆಗೆ ಕುಂದಿಲ್ಲ. ಮೇಣ ಹಚ್ಚಲು ಅದರ ಹಿಂದಿನ ದಿನ ಒಳ್ಳೆಯ ದಿನ. ಅರಿಸಿನ, ಕುಂಕುಮವನ್ನು ಕಲಸಿ ಬಾನೆಟ್ಟಿಗೆ ಹಚ್ಚಿ ವಾರಗಟ್ಟಲೆ ಬಿಟ್ಟರೆ ಬಿಳಿ ಕಾರಿನ ಮೇಲೆ ಕಲೆ ಉಳಿಯಬಹುದು. ಗಾಜಿನ ಮೇಲೋ ನಂಬರ್ ಪ್ಲೇಟಿನ ಪಕ್ಕದಲ್ಲೋ ಇಟ್ಟರೆ ಚಿಂತೆಯಿಲ್ಲ. ಬಾನೆಟ್ಟಿಗೇ ಇಡಬೇಕೆಂದು ಮನೆಯವರು ಹಟ ಹಿಡಿದರೆ ಮರುದಿನ ಬೆಳಗ್ಗೆ ಒದ್ದೆ ಬಟ್ಟೆಯಿಂದ ತೆಗೆದರಾಯಿತು. ಚಕ್ರದಡಿಯ ನಿಂಬೆಹಣ್ಣಿನಿಂದ ಬಣ್ಣಕ್ಕೆ ಏನೂ ತೊಂದರೆಯಿಲ್ಲ.